ಸರ್ಕಲ್‌ನಲ್ಲಿ ನಿಂತಿರೋ ಹಳೆ ಯುದ್ಧವಿಮಾನದ ನಿಜವಾದ ಗುರುತು ಪತ್ತೆ ಮಾಡೋದು ಹೇಗೆ

ಊರಿನ ಸರ್ಕಲ್‌ನಲ್ಲೋ, ಎಂಜಿನಿಯರಿಂಗ್ ಕಾಲೇಜಿನ ಗೇಟಿನ ಪಕ್ಕದಲ್ಲೋ, ಪಾರ್ಕಿನ ಮೂಲೆಯಲ್ಲೋ ಕಂಬದ ಮೇಲೆ ಒಂದು ಹಳೆ ಯುದ್ಧವಿಮಾನ ಇರುತ್ತದೆ. ಕೆಳಗೆ ಒಂದು ಕಲ್ಲಿನ ಬೋರ್ಡು. ‘1971ರ ಯುದ್ಧದಲ್ಲಿ ಶತ್ರುಗಳಿಗೆ ಸಿಂಹಸ್ವಪ್ನವಾಗಿದ್ದ ಮಿಗ್-21’ ಅಂತ ಏನೋ ಬರೆದಿರುತ್ತಾರೆ. ಮಿಗ್-21 ಆ ಯುದ್ಧದಲ್ಲಿ ಇತ್ತು, ಸರಿ. ಆದರೆ ಈ ವಿಮಾನ ಇತ್ತಾ? ಈಗ ಪಾರಿವಾಳ ಕೂತಿದೆಯಲ್ಲ, ಇದೇ ರೆಕ್ಕೆ ಆವತ್ತು ಹಾರಿತ್ತಾ? ಬೋರ್ಡು ಬರೆಸಿದವರು ಬಹುಪಾಲು ಈ ಪ್ರಶ್ನೆ ಕೇಳಿಯೇ ಇರುವುದಿಲ್ಲ. ನೀವು ಕೇಳಬಹುದು, ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಉತ್ತರವನ್ನೂ ಹುಡುಕಬಹುದು.

ಶುರುವಿನಲ್ಲೇ ಒಂದು ಮಾತು. ಮೈಮೇಲೆ ಬಣ್ಣದಲ್ಲಿ ಬರೆದಿರುವ ನಂಬರನ್ನು ಸುಮ್ನೆ ನಂಬಬೇಡಿ. ಅದು ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ, ಯಾರು ಬೇಕಾದರೂ ಬದಲಾಯಿಸಬಹುದು. ನಮಗೆ ಬೇಕಾಗಿರುವುದು ಚಾಸಿ ನಂಬರು. ಪ್ರದರ್ಶನಕ್ಕೆ ಇಟ್ಟ ವಿಮಾನಕ್ಕೆ ಆಗಾಗ ಹೊಸ ಬಣ್ಣ ಬಳಿಯುತ್ತಾರೆ. ಬಳಿಯುವ ಪೇಂಟರ್‌ಗೆ ಹಳೆ ನಂಬರು ಅರ್ಧ ಅಳಿಸಿಹೋಗಿ ಕಾಣುತ್ತಿದ್ದರೆ 3 ಹೋಗಿ 8 ಆಗುತ್ತದೆ. ಎಷ್ಟೋ ಕಡೆ ಬೇಕೆಂದೇ ಬೇರೆ ನಂಬರು ಹಾಕುತ್ತಾರೆ, ಅದರಲ್ಲಿ ಮೋಸ ಏನೂ ಇಲ್ಲ, ಗೌರವ ಅಷ್ಟೇ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಮ್ಮ ವಾಯುಪಡೆಯ ಸಾಗಣೆ ವಿಮಾನ ಡಕೋಟಾ ವಿಪಿ905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟಾದ ನಂಬರು ಅದು. 2018ರಲ್ಲಿ ಬ್ರಿಟನ್ನಿನಿಂದ ಹಾರಿಬಂದು, ‘ಪರಶುರಾಮ’ ಅಂತ ಹೆಸರಿಟ್ಟುಕೊಂಡು ವಾಯುಪಡೆ ಸೇರಿದ ಡಕೋಟಾದ ಮೇಲೂ ಅದೇ ನಂಬರು ಇದೆ. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಟ್ಟ ಉಡುಗೊರೆ ಇದು. ಅವರ ತಂದೆ ಡಕೋಟಾ ಹಾರಿಸಿದವರು. ಆದರೆ ಈ ವಿಮಾನ 1947ರಲ್ಲಿ ಶ್ರೀನಗರಕ್ಕೆ ಹೋದದ್ದಲ್ಲ. ಇದು ಬ್ರಿಟಿಷ್ ವಾಯುಪಡೆಯಲ್ಲಿ ಕೆಎನ್397 ಆಗಿದ್ದು, ಆಮೇಲೆ ಬ್ರಿಟನ್ನಿನಲ್ಲೇ ಜಿ-ಎಎಂಎಸ್‌ವಿ ಅನ್ನೋ ನಾಗರಿಕ ನೋಂದಣಿಯಲ್ಲಿ ದಶಕಗಳ ಕಾಲ ಹಾರಿದ ಬೇರೆಯೇ ಡಕೋಟಾ. ವಾಯುಪಡೆ ಇದನ್ನು ಮುಚ್ಚಿಟ್ಟಿಲ್ಲ, ಹಳೆಯದರ ನೆನಪಿಗೆ ಆ ನಂಬರು ಹಾಕಿದ್ದೇವೆ ಅಂತಲೇ ಹೇಳಿದೆ. ಆದರೂ ‘ಶ್ರೀನಗರ ಉಳಿಸಿದ ವಿಮಾನವೇ ವಾಪಸ್ ಬಂತು’ ಅನ್ನೋ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತದೆ.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ್ದು ಒಂದಿದೆ. ಎಂವಿ293 ಅನ್ನೋ ಸ್ಪಿಟ್‌ಫೈರ್ ಯುದ್ಧವಿಮಾನ ಎರಡನೇ ಮಹಾಯುದ್ಧದ ಕೊನೆಗೆ ಭಾರತಕ್ಕೆ ಬಂತು. ಸ್ವಾತಂತ್ರ್ಯದ ನಂತರ ನಮ್ಮ ವಾಯುಪಡೆಯ ಪಾಲಿಗೆ ಬಂದು, ಜಾಲಹಳ್ಳಿಯ ಟೆಕ್ನಿಕಲ್ ಕಾಲೇಜಿನಲ್ಲಿ ಹುಡುಗರು ಬಿಚ್ಚಿ ಜೋಡಿಸಿ ಕಲಿಯುವ ವಿಮಾನ ಆಯಿತು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಹಳೆ ವಿಮಾನದ ಹುಚ್ಚಿನವರು ಇಲ್ಲಿಂದ ಸಾಗಿಸಿದ ಸ್ಪಿಟ್‌ಫೈರ್‌ಗಳಲ್ಲಿ ಇದೂ ಒಂದು. ರಿಪೇರಿಯಾಗಿ ಬ್ರಿಟನ್ನಿನ ಡಕ್ಸ್‌ಫರ್ಡ್‌ನಿಂದ ಹಾರಿತು. ಹಾರುವಾಗ ಮೈಮೇಲೆ ಇದ್ದದ್ದು ಎಂವಿ268, ಅಂದರೆ ಜಾನಿ ಜಾನ್ಸನ್ ಅನ್ನೋ ಬ್ರಿಟಿಷ್ ಪೈಲಟ್ ಹಾರಿಸಿದ್ದ ವಿಮಾನದ ನಂಬರು. ಏರ್‌ಶೋಗೆ ಬಂದು ಫೋಟೋ ತೆಗೆದವರಲ್ಲಿ ಎಷ್ಟು ಜನಕ್ಕೆ ಇದು ಜಾಲಹಳ್ಳಿಯಲ್ಲಿ ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ವಿಮಾನ ಅಂತ ಗೊತ್ತಿತ್ತೋ!

ಮೊದಲು ಜಾತಿ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ನಂಬರಿಗೆ ಹೋಗುವ ಮೊದಲು ವಿಮಾನದ ಮಾದರಿ ಸರಿಯಾಗಿ ತಿಳಿಯಬೇಕು. ಬೋರ್ಡು ಬರೆಯುವಲ್ಲಿ ಜಾಸ್ತಿ ತಪ್ಪಾಗುವುದೇ ಇಲ್ಲಿ, ಅದರಲ್ಲೂ ಎರಡು ಗೊಂದಲ ಮತ್ತೆ ಮತ್ತೆ ಸಿಗುತ್ತವೆ.

ಒಂದು ನ್ಯಾಟ್ ಮತ್ತು ಅಜೀತ್. ಎರಡೂ ಪುಟ್ಟ ವಿಮಾನ, ಅಣ್ಣ-ತಮ್ಮನ ಮುಖ. ನ್ಯಾಟ್ ಬ್ರಿಟನ್ನಿನ ಫೋಲಂಡ್ ಕಂಪನಿಯ ವಿನ್ಯಾಸ, ಎಚ್‌ಎಎಲ್ ಬೆಂಗಳೂರಿನಲ್ಲಿ ಲೈಸೆನ್ಸ್ ಮೇಲೆ ತಯಾರಿಸಿತು. 1965ರ ಪಾಕಿಸ್ತಾನ ಯುದ್ಧದಲ್ಲಿ ಹೆಸರು ಮಾಡಿದ್ದು ಇದೇ. ಅಜೀತ್ ಅದನ್ನೇ ಸುಧಾರಿಸಿ ಎಚ್‌ಎಎಲ್ ಮಾಡಿದ್ದು, ಮೊದಲು ಹಾರಿದ್ದು 1975ರಲ್ಲಿ. ಹಾಗಾಗಿ ‘1965ರ ವೀರ ಅಜೀತ್’ ಅಂತ ಬೋರ್ಡು ಕಂಡರೆ ಅದು ಸಾಧ್ಯವೇ ಇಲ್ಲದ ಮಾತು. ವ್ಯತ್ಯಾಸ ಕಂಡುಹಿಡಿಯಲು ರೆಕ್ಕೆಯ ಕೆಳಗೆ ಬಗ್ಗಿ ನೋಡಿ. ನ್ಯಾಟ್‌ಗೆ ಒಂದೊಂದು ರೆಕ್ಕೆಗೆ ಒಂದೊಂದೇ ಪೈಲನ್, ಅಂದರೆ ಬಾಂಬು ಅಥವಾ ಟ್ಯಾಂಕು ತೂಗುಹಾಕುವ ಜಾಗ. ಅಜೀತ್‌ನಲ್ಲಿ ರೆಕ್ಕೆಯ ಒಳಗೇ ಇಂಧನ ತುಂಬುವ ವ್ಯವಸ್ಥೆ ಮಾಡಿದ್ದರಿಂದ ಆಯುಧಕ್ಕೆ ಜಾಗ ಸಿಕ್ಕಿತು, ರೆಕ್ಕೆಗೆ ಎರಡೆರಡು ಪೈಲನ್ ಬಂದವು. ಪ್ರದರ್ಶನದಲ್ಲಿ ಪೈಲನ್ ತೆಗೆದಿರಬಹುದು, ಆಗ ಅದನ್ನು ಕೂರಿಸುತ್ತಿದ್ದ ತೂತುಗಳನ್ನು ಎಣಿಸಿ. ಇಲ್ಲೂ ಒಂದು ತಿರುವು ಇದೆ: ಕೆಲವು ನ್ಯಾಟ್‌ಗಳನ್ನೇ ಆಮೇಲೆ ಅಜೀತ್ ಮಟ್ಟಕ್ಕೆ ಏರಿಸಿದರು. ಅಂಥದ್ದು ನಿಮ್ಮ ಕೈಗೆ ಸಿಕ್ಕರೆ ಒಂದೇ ತಗಡಿಗೆ ಎರಡು ಜನ್ಮ.

ಎರಡನೆಯದು ಮಿಗ್-21. ಎಲ್ಲವನ್ನೂ ಬರೀ ಮಿಗ್-21 ಅಂತ ಕರೆದುಬಿಡುತ್ತೇವೆ. ಆದರೆ ಎಫ್‌ಎಲ್ ಬೇರೆ, ಎಂ ಬೇರೆ, ಬಿಸ್ ಬೇರೆ. ವಾಯುಪಡೆಯವರ ಬಾಯಲ್ಲಿ ಎಫ್‌ಎಲ್ ಅಂದರೆ ಟೈಪ್ 77, ಬಿಸ್ ಅಂದರೆ ಟೈಪ್ 75. ಮೂಗಿನ ಮುಂದೆ ಈಟಿಯ ಹಾಗೆ ಚಾಚಿರುವ, ವೇಗ ಅಳೆಯುವ ಪಿಟೋ ಕಡ್ಡಿ ನೋಡಿ. ಎಫ್‌ಎಲ್‌ನಲ್ಲಿ ಅದು ಮೂಗಿನ ಮೇಲೆ ಸರಿಯಾಗಿ ನಡುವೆ ಇರುತ್ತದೆ. ಎಂ ಮತ್ತು ಬಿಸ್‌ನಲ್ಲಿ ಪೈಲಟ್‌ನ ಬಲಗಡೆಗೆ ಸರಿದಿರುತ್ತದೆ. ಎಫ್‌ಎಲ್‌ಗೆ ರೆಕ್ಕೆಗೊಂದು ಪೈಲನ್, ಉಳಿದವಕ್ಕೆ ಎರಡು. ಎಫ್‌ಎಲ್‌ನ ಕಾಕ್‌ಪಿಟ್ ಗಾಜು ಮುಂದಕ್ಕೆ ಮಗುಚಿ ತೆರೆಯುತ್ತದೆ, ಉಳಿದವುಗಳಲ್ಲಿ ಪಕ್ಕಕ್ಕೆ. ಎಫ್‌ಎಲ್ ಹೊಟ್ಟೆಯಲ್ಲಿ ಗನ್ ಇರಲಿಲ್ಲ, ಬೇಕಾದಾಗ ಕೆಳಗೆ ಪೊಟ್ಟಣದಂತೆ ತೂಗುಹಾಕುತ್ತಿದ್ದರು. ಇಷ್ಟು ನೋಡಿದರೆ ಸಾಕು. ಬಿಸ್ ನಮ್ಮಲ್ಲಿಗೆ ಬಂದಿದ್ದೇ 1971ರ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ. ಹಾಗಾಗಿ ಕಂಬದ ಮೇಲಿರುವುದು ಬಿಸ್ ಆಗಿದ್ದರೆ ಬೋರ್ಡಿನ ಆ ಸಿಂಹಸ್ವಪ್ನದ ಸಾಲನ್ನು ಅಲ್ಲಿಗೇ ಕೈಬಿಡಬಹುದು.

ನಂಬರಿನ ಮುಂದಿನ ಅಕ್ಷರ

ಈಗ ಬಾಲದ ಹತ್ತಿರ ಬರೆದಿರುವ ನಂಬರು. ನಂಬಬೇಡಿ ಅಂದೆ, ಓದಬೇಡಿ ಅನ್ನಲಿಲ್ಲ. ನಮ್ಮ ವಾಯುಪಡೆಯ ನಂಬರಿನಲ್ಲಿ ಮುಂದಿನ ಅಕ್ಷರಗಳು ವಿಮಾನದ ಜಾತಿ ಹೇಳುತ್ತವೆ. ಎಚ್‌ಇ ಅಂದರೆ ಲಿಬರೇಟರ್ ಬಾಂಬರ್, ಎಚ್‌ಎ ಅಂದರೆ ಟೆಂಪೆಸ್ಟ್, ಬಿಎ ಹಂಟರ್, ಐಎಫ್ ಕ್ಯಾನ್‌ಬೆರಾ, ಐಇ ನ್ಯಾಟ್, ಬಿಡಿ ಮಾರುತ್. ಆಮೇಲಿನ ಕಾಲದಲ್ಲಿ ಎರಡು ಅಕ್ಷರ ಹೋಗಿ ಒಂದೇ ಉಳಿಯಿತು. ಹಾಗಾಗಿ ಮಾರುತ್‌ಗಳಲ್ಲಿ ಬಿಡಿ ಇರುವವೂ ಇವೆ, ಬರೀ ಡಿ ಇರುವವೂ ಇವೆ. ಅಜೀತ್‌ಗೆ ಇ, ಮಿಗ್-21ಕ್ಕೆ ಸಿ, ಕಿರಣ್‌ಗೆ ಯು. ನೌಕಾಪಡೆಯದ್ದಾದರೆ ಐಎನ್ ಅಂತ ಶುರುವಾಗುತ್ತದೆ.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಅಕ್ಷರ ಮತ್ತು ಮಾದರಿ ಹೊಂದಬೇಕು. ಮಾರುತ್ ಮೇಲೆ ಸಿ ಕಂಡರೆ ಪೇಂಟರ್ ಕೈಚಳಕ ಅಂತ ಅರ್ಥ. ಹೊಂದಿದರೆ ನಂಬರು ನಿಜ ಅಂತ ಅಲ್ಲ, ಸುಳ್ಳು ಅಂತ ಹೇಳಲು ಆಗುವುದಿಲ್ಲ ಅಷ್ಟೇ.

ಕೆಲವು ಜಾತಿಗಳಲ್ಲಿ ಕೆಲಸ ಬಹಳ ಸಲೀಸು. ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ಇಟ್ಟಿರುವ ಟುಪೊಲೆವ್-142 ವಿಮಾನವನ್ನೇ ತಗೊಳ್ಳಿ. ನೌಕಾಪಡೆ ಕೊಂಡದ್ದೇ ಬರೀ 8. 2017ರಲ್ಲಿ ಎಲ್ಲವೂ ನಿವೃತ್ತಿಯಾದವು. ಅದರಲ್ಲಿ ಐಎನ್312 ವಿಶಾಖಪಟ್ಟಣದಲ್ಲಿದೆ. ಹೀಗೆ ಒಂದೊಂದಾಗಿ ತೆಗೆದುಹಾಕುತ್ತಾ ಹೋದರೂ ಉತ್ತರಕ್ಕೆ ಹತ್ತಿರ ಬರುತ್ತೀರಿ. ನೂರಾರು ಇದ್ದ ಮಿಗ್‌ಗಳಲ್ಲಿ ಈ ಆಟ ನಡೆಯುವುದಿಲ್ಲ.

ತಗಡಿನ ಮೇಲೆ ಹುಡುಕುವುದು

ಅಸಲಿ ಕೆಲಸ ಇರುವುದು ಇಲ್ಲಿ. ಮೊದಲು ಅನುಮತಿ ತಗೊಳ್ಳಿ. ಕಾಲೇಜಿನದಾದರೆ ಪ್ರಿನ್ಸಿಪಾಲರ ಹತ್ತಿರ, ಪಾರ್ಕಿನದಾದರೆ ಪಾಲಿಕೆಯಲ್ಲಿ. ವಾಯುಪಡೆ ಠಾಣೆಯ ಗೇಟಿನ ಒಳಗಿರುವುದಕ್ಕೆ ಕ್ಯಾಮೆರಾ ಎತ್ತಲೇಬೇಡಿ, ಪತ್ರ ಬರೆದು ಕೇಳಿ. ಬಣ್ಣ ಕೆರೆಯುವುದು, ಸ್ಕ್ರೂ ಬಿಚ್ಚುವುದು, ‘ನೆನಪಿಗೆ’ ಅಂತ ಪ್ಲೇಟು ಕಿತ್ತುಕೊಳ್ಳುವುದು ಇವೆಲ್ಲ ಬೇಡ. ಹಾಗೆ ಕಿತ್ತುಕೊಂಡು ಹೋದವರಿಂದಲೇ ಎಷ್ಟೋ ವಿಮಾನಗಳು ಇವತ್ತು ಅನಾಮಿಕ ಆಗಿವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಒಳ್ಳೆ ಟಾರ್ಚು, ಫೋನಿನ ಕ್ಯಾಮೆರಾ, ಪುಟ್ಟ ಕನ್ನಡಿ, ತೆಳು ಕಾಗದ, ಮೆತ್ತನೆ ಪೆನ್ಸಿಲು.

ತಯಾರಕರು ಹಾಕಿದ ಪ್ಲೇಟು ಸಾಮಾನ್ಯವಾಗಿ ಹೊರಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಚಕ್ರ ಮಡಚಿಕೊಳ್ಳುವ ಗೂಡಿನ ಒಳಗೋಡೆ, ಕಾಕ್‌ಪಿಟ್‌ನ ಪಕ್ಕದ ಗೋಡೆ, ಮುಚ್ಚಳಗಳ ಒಳಮೈ, ಬಾಲದ ಕೀಲಿನ ಹತ್ತಿರ ನೋಡಿ. ಮುಂದಿನ ಚಕ್ರದ ಗೂಡಿಗೆ ತಲೆ ಹಾಕಿದರೆ ಮೊದಲು ಕಾಣುವುದು ಧೂಳು, ಹಳೆ ಗ್ರೀಸು, ಕಣಜದ ಗೂಡು. (ಕಣಜ ಇದೆಯಾ ಅಂತ ಮೊದಲೇ ಟಾರ್ಚು ಬಿಟ್ಟು ನೋಡಿಕೊಳ್ಳಿ, ಇದು ತಮಾಷೆಯಲ್ಲ.) ಒಳಗೆ ಎರಡು ಬೆರಳಗಲದ ಒಂದು ತಗಡಿನ ತುಂಡು, ನಾಲ್ಕು ಮೂಲೆಗೆ ನಾಲ್ಕು ರಿವೆಟ್, ಅದರ ಮೇಲೆ ಮೂರು ನಾಲ್ಕು ಪದರ ಬಣ್ಣ. ಬರಿಗಣ್ಣಿಗೆ ಏನೂ ಓದಲು ಆಗುವುದಿಲ್ಲ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ, ತಗಡಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಅಚ್ಚೊತ್ತಿದ ಅಕ್ಷರಗಳ ಅಂಚಿಗೆ ನೆರಳು ಬಿದ್ದು ನಂಬರು ನಿಧಾನಕ್ಕೆ ಎದ್ದು ಬರುತ್ತದೆ. ಆಗಲೂ ಅನುಮಾನ ಇದ್ದರೆ ತೆಳು ಕಾಗದ ಒತ್ತಿಟ್ಟು ಪೆನ್ಸಿಲನ್ನು ಅಡ್ಡಲಾಗಿ ಮೆಲ್ಲಗೆ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯ ಇಟ್ಟು ಮಾಡುತ್ತಿದ್ದೆವಲ್ಲ, ಅದೇ. ಬಣ್ಣಕ್ಕೂ ಏನೂ ಆಗುವುದಿಲ್ಲ, ನಿಮ್ಮ ಕೈಯಲ್ಲಿ ದಾಖಲೆಯೂ ಉಳಿಯುತ್ತದೆ.

ಹೊರಮೈಯ ಹಳೆ ನಂಬರಿಗೂ ಇದೇ ಉಪಾಯ ನಡೆಯುತ್ತದೆ. ಹೊಸ ಬಣ್ಣದ ಕೆಳಗೆ ಹಳೆ ಅಕ್ಷರದ ಅಂಚು ಕೂದಲೆಳೆಯಷ್ಟು ಉಬ್ಬಿರುತ್ತದೆ. ಬೆಳಗಿನ ಎಳೆ ಬಿಸಿಲು ಪಕ್ಕದಿಂದ ಬೀಳುವಾಗ ಫೋಟೋ ತೆಗೆಯಿರಿ, ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ರೆಕ್ಕೆಯ ಕೆಳಭಾಗ ನೋಡಲು ಮರೆಯಬೇಡಿ. ಮೇಲ್ಗಡೆಗೆ ಬಣ್ಣ ಬಳಿದವರು ಕೆಳಗಡೆಗೆ ಕೈಹಾಕದೆ ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಸಿಕ್ಕಿದ ನಂಬರೆಲ್ಲ ವಿಮಾನದ ನಂಬರಲ್ಲ, ಇದನ್ನು ನೆನಪಿಡಿ. ಬಿಡಿಭಾಗಗಳಿಗೆ ಅವುಗಳದೇ ಪಾರ್ಟ್ ನಂಬರು, ತಪಾಸಣೆ ಮಾಡಿದವರ ಮುದ್ರೆ ಎಲ್ಲ ಇರುತ್ತವೆ. ಅವೂ ಒಳ್ಳೆ ಸುಳಿವೇ. ಸ್ಪಿಟ್‌ಫೈರ್‌ನಲ್ಲಿ ಪಾರ್ಟ್ ನಂಬರು 300 ಅಂತ ಶುರುವಾದರೆ ಅದು ಮೊದಲ ಮಾದರಿಗೆ ಬರೆದ ಡ್ರಾಯಿಂಗು, 349 ಆದರೆ ಐದನೇ ಮಾದರಿ, 379 ಆದರೆ ಹದಿನಾಲ್ಕನೆಯದು. ಹೊಸ ಮಾದರಿಯಲ್ಲೂ ಹಳೆ ಡ್ರಾಯಿಂಗಿನ ಭಾಗಗಳು ಮುಂದುವರಿಯುತ್ತಿದ್ದವು, ಆದ್ದರಿಂದ ಸಿಕ್ಕಿದ್ದರಲ್ಲಿ ಅತಿ ದೊಡ್ಡ ನಂಬರಿಗೆ ಬೆಲೆ ಕೊಡಿ. ಮುದ್ರೆಯಲ್ಲಿ ಸಿಬಿಎಎಫ್ ಅಂತಿದ್ದರೆ ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯದ್ದು. ಎಂಜಿನ್ ನಂಬರಿನಿಂದ ಮಾತ್ರ ವಿಮಾನ ಗುರುತಿಸಲು ಹೋಗಬೇಡಿ. ಎಂಜಿನ್ನು ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಏರುತ್ತಲೇ ಇರುತ್ತದೆ. ರೆಕ್ಕೆ, ಬಾಗಿಲು, ಮುಚ್ಚಳ, ಬಾಲ ಇವೂ ಅಷ್ಟೇ. ಪ್ರದರ್ಶನಕ್ಕೆ ಕಳಿಸುವ ಮೊದಲು ಒಳ್ಳೆ ಭಾಗ ತೆಗೆದುಕೊಂಡು, ಕೆಟ್ಟದ್ದನ್ನು ಹಾಕಿ ಕಳಿಸುವುದು ಎಲ್ಲ ದೇಶದಲ್ಲೂ ನಡೆಯುತ್ತದೆ. ಆದ್ದರಿಂದ ಒಂದು ಜಾಗದಲ್ಲಿ ಸಿಕ್ಕಿದ ನಂಬರಿಗೆ ತೃಪ್ತಿ ಪಡಬೇಡಿ. ಮೂಗಿನಲ್ಲಿ, ನಡುಮೈಯಲ್ಲಿ, ಬಾಲದಲ್ಲಿ ಬೇರೆ ಬೇರೆ ಓದಿ. ಮೂರೂ ಒಂದೇ ಹೇಳಿದರೆ ಹಬ್ಬ. ಬೇರೆ ಬೇರೆ ಹೇಳಿದರೆ ನಡುಮೈಯ ಮಾತಿಗೆ ಹೆಚ್ಚು ತೂಕ.

ಒಂದು ವಿಮಾನ, ಮೂರು ಹೆಸರು

ಲಿಬರೇಟರ್ ಕಥೆ ಗೊತ್ತಿದ್ದರೆ ಈ ಕೆಲಸದ ಕಷ್ಟ ಮತ್ತು ಮಜಾ ಎರಡೂ ಒಟ್ಟಿಗೆ ಅರ್ಥವಾಗುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರು ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋದರು. ಅವು ಅಮೆರಿಕ ಕೊಟ್ಟ ಸಾಲದ ಮಾಲು. ಯಾರೂ ಮತ್ತೆ ಹಾರಿಸದಿರಲಿ ಅಂತ ಹಾಳುಮಾಡಿ ಬಿಟ್ಟಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಅಲ್ಲೇ ಹಾರುವ ಮಟ್ಟಕ್ಕೆ ತೇಪೆ ಹಾಕಿ, ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಇಲ್ಲಿ ಸರಿಯಾಗಿ ರಿಪೇರಿ ಮಾಡಿದರು. ಒಟ್ಟು 42. ತಂದವರು ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ. ವಾಯುಪಡೆಯಲ್ಲಿ ಅವು 1968ರವರೆಗೂ ಹಾರಿದವು. ಪ್ರಪಂಚದ ಉಳಿದ ಕಡೆ ಲಿಬರೇಟರ್‌ಗಳೆಲ್ಲ ಗುಜರಿಗೆ ಹೋಗಿದ್ದವು. ಹಾಗಾಗಿ ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇರುವ ಹಲವು ಲಿಬರೇಟರ್‌ಗಳು ಬೆಂಗಳೂರಿನ ಕೈಯಲ್ಲಿ ಮರುಜನ್ಮ ಪಡೆದವು.

ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಒಂದಿದೆ. ಅಮೆರಿಕದ ಲೆಕ್ಕದಲ್ಲಿ ಅದು 44-50206. ಬ್ರಿಟಿಷ್ ವಾಯುಪಡೆಯಲ್ಲಿ ಕೆಎನ್751, ಹಿಂದೂ ಮಹಾಸಾಗರದ ಕೊಕೊಸ್ ದ್ವೀಪದಿಂದ ಹಾರುತ್ತಿತ್ತು. ನಮ್ಮಲ್ಲಿ ಎಚ್‌ಇ807. ಅಮೆರಿಕದ ನಂಬರಿನ 44 ಅನ್ನೋದು ತಯಾರಾದ ವರ್ಷ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ, ಅದು ಯಾವ ವರ್ಷದ ಬಜೆಟ್ಟಿನಲ್ಲಿ ಆರ್ಡರ್ ಆಯಿತು ಅನ್ನೋದು. ಬ್ರಿಟಿಷರ ನಂಬರಿನಲ್ಲೂ ಒಂದು ಕಿತಾಪತಿ ಇದೆ. ಎಷ್ಟು ವಿಮಾನ ಇದೆ ಅಂತ ಶತ್ರುವಿಗೆ ಲೆಕ್ಕ ಸಿಗಬಾರದು ಅಂತ ನಡುನಡುವೆ ನಂಬರುಗಳನ್ನು ಬೇಕೆಂದೇ ಬಿಟ್ಟು ಮುಂದೆ ಹೋಗುತ್ತಿದ್ದರು. ಹಾಗಾಗಿ ಪಟ್ಟಿಯಲ್ಲಿ ಒಂದು ನಂಬರು ಕಾಣಲಿಲ್ಲ ಅಂದರೆ ದಾಖಲೆ ಕಳೆದುಹೋಗಿದೆ ಅಂತಲ್ಲ, ಅಂಥ ವಿಮಾನ ಇರಲೇ ಇಲ್ಲ ಅಂತಲೂ ಇರಬಹುದು.

ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಹಾರಿಸಿದ ಲಿಬರೇಟರ್ 44-44052 ಕೂಡ ನಮ್ಮ ವಾಯುಪಡೆಯಲ್ಲಿ ಇದ್ದದ್ದೇ. ಅಲ್ಲಿ ಅದಕ್ಕೆ ಕಾಲಕಾಲಕ್ಕೆ ಅಮೆರಿಕದ ಬೇರೆ ಬೇರೆ ಪ್ರಸಿದ್ಧ ಬಾಂಬರ್‌ಗಳ ಹೆಸರು, ಚಿತ್ರ ಬರೆದರು. ಮೂಗಿನ ಚಿತ್ರ ನೋಡಿ ಇತಿಹಾಸ ಬರೆದರೆ ಕಾನ್ಪುರ, ಬೆಂಗಳೂರು ಎಲ್ಲ ಮಾಯವಾಗಿಬಿಡುತ್ತವೆ.

ನಿಮ್ಮ ವಿಮಾನ ಎರಡು ಮೂರು ದೇಶ ಸುತ್ತಿದ್ದರೆ ಹೀಗೆ ಸರಪಳಿ ಕಟ್ಟಬೇಕು: ಕಾರ್ಖಾನೆ ನಂಬರು, ಮೊದಲ ದೇಶದ ನಂಬರು, ಎರಡನೇ ದೇಶದ್ದು. ಒಂದೊಂದು ಕೊಂಡಿಗೂ ಪುರಾವೆ ಬೇಕು. ಕಾನ್ಪುರದ ಲಿಬರೇಟರ್‌ಗಳಂಥ ಹಾಳುಬಿದ್ದ ವಿಮಾನಗಳನ್ನು ಸರಿಮಾಡುವಾಗ ಒಂದರ ಭಾಗ ಇನ್ನೊಂದಕ್ಕೆ ಹೋಗುವುದು ಸಹಜ, ಹಾಗಾಗಿ ಇಂಥ ಕಡೆ ‘ಮುಖ್ಯ ದೇಹ ಇದರದ್ದು’ ಅಂತ ಹೇಳುವುದೇ ಪ್ರಾಮಾಣಿಕ.

ಕಾಗದ ಪತ್ರ

ಪ್ರತಿ ವಿಮಾನಕ್ಕೂ ಏರ್‌ಫ್ರೇಮ್ (ಅಂದರೆ ವಿಮಾನದ ಮೈ) ಲಾಗ್‌ಬುಕ್ಕು, ಎಂಜಿನ್ ಲಾಗ್‌ಬುಕ್ಕು ಇರುತ್ತವೆ. ದಿನದಿನದ ತಪಾಸಣೆ, ಸಹಿಗಳೆಲ್ಲ ಫಾರಂ 700ರಲ್ಲಿ. ಇವು ಸಿಕ್ಕರೆ ನಿಮ್ಮ ಕೆಲಸ ಮುಗಿದಂತೆ. ಪ್ರದರ್ಶನಕ್ಕೆ ಬಂದ ವಿಮಾನದ ಜೊತೆ ಇವು ಬರುವುದು ಅಪರೂಪ. ಆದರೆ ಬೇರೊಂದು ಕಾಗದ ಬಂದೇ ಇರುತ್ತದೆ, ವಿಮಾನವನ್ನು ಆ ಸಂಸ್ಥೆಗೆ ಹಂಚಿಕೆ ಮಾಡಿದ ಪತ್ರ. ಅದರಲ್ಲಿ ನಂಬರು ಇರುವ ಸಾಧ್ಯತೆ ಹೆಚ್ಚು. ಕಾಲೇಜಿನ ಆಫೀಸಿನಲ್ಲಿ, ಪಾಲಿಕೆಯ ಫೈಲಿನಲ್ಲಿ ಎಲ್ಲೋ ಕೂತಿರುತ್ತದೆ. ಮೊದಲು ಬಾಯಲ್ಲಿ ಕೇಳಿ. ಹಳೆ ಸೂಪರಿಂಟೆಂಡೆಂಟ್ ಒಬ್ಬರು ಇದ್ದರೆ ಅವರಿಗೆ ಯಾವ ಬೀರು ಅಂತಲೂ ಗೊತ್ತಿರುತ್ತದೆ. ಆಗಲಿಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ವಾಯುಪಡೆಗೂ, ಎಚ್‌ಎಎಲ್‌ಗೂ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಆದರೆ ಪ್ರಶ್ನೆ ಕೇಳುವ ರೀತಿ ಮುಖ್ಯ. ‘ಈ ವಿಮಾನದ ಸಂಪೂರ್ಣ ಇತಿಹಾಸ ಕೊಡಿ’ ಅಂದರೆ ಭದ್ರತೆ ಕಾರಣ ಕೊಟ್ಟು ಸುಲಭವಾಗಿ ತಳ್ಳಿಹಾಕುತ್ತಾರೆ. ‘ಇಂಥ ನಂಬರಿನ ವಿಮಾನವನ್ನು ಸೇವೆಯಿಂದ ತೆಗೆದ ದಿನಾಂಕ ಯಾವುದು, ಯಾವ ಸಂಸ್ಥೆಗೆ ಕೊಡಲಾಯಿತು, ಆ ಆದೇಶದ ಪ್ರತಿ ಕೊಡಿ’ ಅಂತ ಚುಟುಕಾಗಿ ಕೇಳಿ. 20 ವರ್ಷಕ್ಕಿಂತ ಹಳೆಯ ಘಟನೆಗಳ ಬಗ್ಗೆ ಕೇಳುವಾಗ ಕಾಯ್ದೆಯ ಸೆಕ್ಷನ್ 8(3) ಉಲ್ಲೇಖಿಸಿ. ಭದ್ರತೆಯ ವಿನಾಯಿತಿ ಅದಾದ ಮೇಲೂ ಉಳಿಯುತ್ತದೆ, ಆದರೆ ಉಳಿದ ಹಲವು ನೆಪಗಳು ಬಿದ್ದುಹೋಗುತ್ತವೆ.

ಎರಡನೇ ಮಹಾಯುದ್ಧದ ಕಾಲದ ವಿಮಾನವಾದರೆ ಹೊರದೇಶದ ದಾಖಲೆ ನಮ್ಮದಕ್ಕಿಂತ ಸುಲಭವಾಗಿ ಸಿಗುತ್ತವೆ. ಬ್ರಿಟಿಷ್ ವಾಯುಪಡೆಯ ಪ್ರತಿ ವಿಮಾನಕ್ಕೂ ಫಾರಂ 78 ಅನ್ನೋ ಕಾರ್ಡು ಇತ್ತು, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಸಾಲು ಸಾಲಾಗಿ ಬರೆದದ್ದು. ಅಪಘಾತಕ್ಕೆ ಫಾರಂ 1180. ಸ್ಕ್ವಾಡ್ರನ್‌ಗಳ ದಿನಚರಿ ಲಂಡನ್ನಿನ ಕ್ಯೂ ಬಳಿಯ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿ ಏರ್ 27 ಅನ್ನೋ ವಿಭಾಗದಲ್ಲಿ ಇದೆ. ಆ ಕಾಲದ ಭಾರತೀಯ ಸ್ಕ್ವಾಡ್ರನ್‌ಗಳದ್ದೂ ಅಲ್ಲೇ ಸಿಗುತ್ತದೆ. ಅಮೆರಿಕದ ವಿಮಾನಗಳ ಕಾರ್ಡು ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿರುವ ಅವರ ವಾಯುಪಡೆಯ ಇತಿಹಾಸ ಸಂಸ್ಥೆಯಲ್ಲಿ.

ಕಾರ್ಡಿನ ತಾರೀಖನ್ನು ಕಣ್ಣುಮುಚ್ಚಿ ನಂಬಬೇಡಿ. ಭಾರತಕ್ಕೆ ಕೊಟ್ಟ ಎಷ್ಟೋ ಸ್ಪಿಟ್‌ಫೈರ್‌ಗಳ ಕಾರ್ಡಿನಲ್ಲಿ 1947ರ ಡಿಸೆಂಬರ್ 31 ಅಂತ ಇರುತ್ತದೆ. ಅಷ್ಟೂ ವಿಮಾನ ಒಂದೇ ದಿನ ಕೈ ಬದಲಾಯಿಸಿತು ಅಂತ ಅಲ್ಲ, ವರ್ಷದ ಕೊನೆಗೆ ಗುಮಾಸ್ತ ಕೂತು ಲೆಕ್ಕ ಮುಗಿಸಿದ ದಿನ ಅದು. ಹಾಗೇ ‘ಸೇವೆಯಿಂದ ತೆಗೆದು ಹಾಕಲಾಗಿದೆ’ ಅಂದರೆ ಒಡೆದು ಹಾಕಿದರು ಅಂತಲ್ಲ, ಪುಸ್ತಕದಿಂದ ಹೊರಗೆ ಹೋಯಿತು ಅಂತ.

ನಮ್ಮ ವಾಯುಪಡೆಯ ನಂಬರುಗಳ ಮಟ್ಟಿಗೆ ಆಸಕ್ತರು ವರ್ಷಗಟ್ಟಲೆ ಕೂತು ಕಟ್ಟಿದ ಭಾರತ್ ರಕ್ಷಕ್ ವೆಬ್‌ಸೈಟಿನ ಪಟ್ಟಿಗಳಿವೆ. ಯಾವ ಊರಲ್ಲಿ ಯಾವ ವಿಮಾನ ಇದೆ ಅಂತ ಊರೂರು ಲೆಕ್ಕ ಇಟ್ಟಿರುವ ವಾರ್‌ಬರ್ಡ್ಸ್ ಆಫ್ ಇಂಡಿಯಾ ಅನ್ನೋ ವೆಬ್‌ಸೈಟೂ ಇದೆ. ಶುರು ಮಾಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅಲ್ಲಿನವರೂ ಎಷ್ಟೋ ಸಲ ಬಣ್ಣದ ನಂಬರನ್ನೇ ಬರೆದುಕೊಂಡಿರುತ್ತಾರೆ ಅನ್ನೋದು ತಲೆಯಲ್ಲಿರಲಿ.

ಜನ, ಆಲ್ಬಂ, ಲಾಗ್‌ಬುಕ್ಕು

ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಪುರಾವೆ ಪೈಲಟ್‌ನ ಸ್ವಂತ ಲಾಗ್‌ಬುಕ್ಕು. ಪ್ರತಿ ಹಾರಾಟಕ್ಕೂ ತಾರೀಖು, ವಿಮಾನದ ಮಾದರಿ, ನಂಬರು, ಎಷ್ಟು ಹೊತ್ತು ಅಂತ ಸಾಲು ಇರುತ್ತದೆ. ಆವತ್ತಿನ ಕೈಬರಹ, ಆಮೇಲೆ ನೆನಪು ಮಾಡಿಕೊಂಡು ಬರೆದದ್ದಲ್ಲ. ‘ಈ ವಿಮಾನ ಯುದ್ಧದಲ್ಲಿತ್ತು’ ಅಂತ ಹೇಳಬೇಕಾದರೆ ಇಂಥ ಒಂದು ಸಾಲು ಬೇಕು.

ಬೆಂಗಳೂರಿನಲ್ಲಿ ನಿವೃತ್ತ ವಾಯುಪಡೆಯವರಿಗೆ, ಎಚ್‌ಎಎಲ್‌ನವರಿಗೆ ಬರವಿಲ್ಲ. ವಿಮಾನಪುರ, ಮುರುಗೇಶಪಾಳ್ಯ, ಜಾಲಹಳ್ಳಿ ಕಡೆ ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡಿ, ವಿಮಾನದ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ‘ಸರ್, ನಿಮ್ಮ ಕಾಲದಲ್ಲಿ ಹೇಗಿತ್ತು’ ಅಂತ ಕೇಳಿದರೆ ಭಾಷಣ ಬರುತ್ತದೆ. ‘ಸರ್, ಈ ಮುಚ್ಚಳದ ಹತ್ತಿರ ಈ ತೇಪೆ ಯಾಕಿದೆ’ ಅಂತ ಕೇಳಿ, ಮಾತು ತಾನಾಗಿ ತೆರೆದುಕೊಳ್ಳುತ್ತದೆ. ಪೈಲಟ್‌ಗಳಿಗಿಂತ ಗ್ರೌಂಡ್ ಕ್ರೂ ಆಗಿದ್ದವರಿಗೆ ನಂಬರು ಚೆನ್ನಾಗಿ ನೆನಪಿರುತ್ತದೆ, ಯಾಕಂದರೆ ಪೈಲಟ್ ದಿನಕ್ಕೊಂದು ಹತ್ತಿದರೆ ಇವರು ಅದೇ ವಿಮಾನದ ಜೊತೆ ತಿಂಗಳುಗಟ್ಟಲೆ ಗುದ್ದಾಡಿರುತ್ತಾರೆ. ತಾರೀಖು ಮಾತ್ರ ಅವರ ನೆನಪಿನಿಂದ ಬರೆದುಕೊಳ್ಳಬೇಡಿ. ಘಟನೆ ಬರೆದುಕೊಳ್ಳಿ, ತಾರೀಖನ್ನು ಕಾಗದದಲ್ಲಿ ಹುಡುಕಿ. ತೀರಿಕೊಂಡವರ ಮನೆಯಾದರೆ ಲಾಗ್‌ಬುಕ್ಕು ಅಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗೆ ಇರುತ್ತದೆ. ಮನೆಗೆ ತಗೊಂಡು ಹೋಗಿ ಕೊಡ್ತೀನಿ ಅನ್ನಬೇಡಿ. ಅಲ್ಲೇ ಕೂತು, ಅವರೆದುರಿಗೇ ಪುಟ ಪುಟ ಫೋಟೋ ತೆಗೆದುಕೊಳ್ಳಿ.

ಆಲ್ಬಂ ಸಿಕ್ಕರೆ ಫೋಟೋದಲ್ಲಿರುವ ಜನರ ಹಿಂದೆ ನೋಡಿ, ಅಲ್ಲಿ ಬಾಲದ ನಂಬರು ಅರ್ಧ ಕಾಣುತ್ತಿರುತ್ತದೆ. ಹಿಂದುಮುಂದು ತಿರುಗಿಸಿ ಸ್ಟುಡಿಯೋ ಮುದ್ರೆ ನೋಡಿ. ತಾರೀಖಿಲ್ಲದ ಫೋಟೋಗೂ ಕಾಲ ಹೇಳಬಹುದು. ರೆಕ್ಕೆಯ ಗುರುತಿನ ವೃತ್ತದಲ್ಲಿ ಕೆಂಪೇ ಇಲ್ಲದೆ ಬರೀ ನೀಲಿ ಛಾಯೆ ಇದ್ದರೆ ಎರಡನೇ ಮಹಾಯುದ್ಧದ ಬರ್ಮಾ ಕಡೆಯದ್ದು, ಜಪಾನಿನ ಕೆಂಪು ಸೂರ್ಯ ಅಂತ ಯಾರೂ ತಪ್ಪು ತಿಳಿಯದಿರಲಿ ಅಂತ ಕೆಂಪು ತೆಗೆದಿದ್ದರು. ಅಶೋಕ ಚಕ್ರ ಇದ್ದರೆ ಸ್ವಾತಂತ್ರ್ಯದ ಆಸುಪಾಸಿನ ಒಂದೆರಡು ವರ್ಷ. ಆಮೇಲಿಂದ ಇವತ್ತಿನವರೆಗೂ ಕೇಸರಿ-ಬಿಳಿ-ಹಸಿರಿನ ವೃತ್ತ.

ಎದುರಾಳಿಯ ಪುಸ್ತಕವನ್ನೂ ಓದಿ

ಗುರುತು ಪತ್ತೆಯಾದ ಮೇಲೆ ಇತಿಹಾಸ ಬರೆಯುವಾಗ ನಮ್ಮ ಕಡೆಯ ದಾಖಲೆ ಮಾತ್ರ ಸಾಲದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ವಿಷಯ ಕೇಳಿರುತ್ತೀರಿ, ಮಡಿಕೇರಿಯಲ್ಲಿ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೀರ್ ವಿಮಾನಗಳಲ್ಲಿ ಅವರದು ವಾಪಸ್ ಬರಲಿಲ್ಲ. ನಮ್ಮ ಪುಸ್ತಕದಲ್ಲಿ ಅಷ್ಟೇ ಇತ್ತು. ಅವರು ತಮಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಬೀಳಿಸಿದ್ದರು ಅನ್ನೋದು ಹೊರಗೆ ಬಂದದ್ದು 1979ರಲ್ಲಿ, ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಒಬ್ಬ ಬ್ರಿಟಿಷ್ ಲೇಖಕನಿಂದ. ಸ್ಟಾರ್‌ಫೈಟರ್ ಪೈಲಟ್ ಪ್ಯಾರಾಚೂಟಿನಿಂದ ಹೊರಗೆ ಹಾರಿ ಬದುಕಿದ್ದ, ಅವನ ಕಡೆಯ ಕಥೆಯಲ್ಲಿ ಈ ಮಿಸ್ಟೀರ್ ಇತ್ತು. 1988ರಲ್ಲಿ, ಅಂದರೆ 23 ವರ್ಷ ಕಳೆದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು.

ಇದರ ಇನ್ನೊಂದು ಮುಖವೂ ಇದೆ. 1965ರಲ್ಲಿ ಪಸ್ರೂರ್‌ನಲ್ಲಿ ಇಳಿದು ಪಾಕಿಸ್ತಾನದ ವಶವಾದ ನಮ್ಮ ನ್ಯಾಟ್ ಐಇ1083 ಇವತ್ತೂ ಕರಾಚಿಯ ವಾಯುಪಡೆ ಮ್ಯೂಸಿಯಂನಲ್ಲಿದೆ. 1965ರಲ್ಲಿ ಹಾರಿತ್ತು ಅಂತ ಯಾರೂ ಅನುಮಾನ ಪಡದ ಒಂದು ನ್ಯಾಟ್ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು, ಏನು ವಿಪರ್ಯಾಸ ನೋಡಿ.

ಬರೆದಿಡುವಾಗ

ಕೊನೆಗೆ ಎಲ್ಲವನ್ನೂ ಒಂದು ಕಡೆ ಬರೆಯಿರಿ. ಒಂದೊಂದು ವಿಷಯದ ಮುಂದೆ ಎಲ್ಲಿಂದ ಗೊತ್ತಾಯಿತು ಅಂತ ಸೇರಿಸಿ: ಮುಂಚಕ್ರದ ಗೂಡಿನ ಪ್ಲೇಟು, ಹಂಚಿಕೆ ಪತ್ರ, ಇಂಥವರ ಲಾಗ್‌ಬುಕ್ಕು. ಬಣ್ಣದ ನಂಬರು ಬೇರೆ, ಪ್ಲೇಟಿನ ನಂಬರು ಬೇರೆ ಇದ್ದರೆ ಎರಡನ್ನೂ ಬರೆಯಿರಿ, ನಿಮಗೆ ಯಾವುದು ಸರಿ ಅನಿಸುತ್ತದೆ, ಯಾಕೆ ಅಂತಲೂ ಹೇಳಿ. ಖಾತ್ರಿಯಿಲ್ಲದ ಕೊಂಡಿಯನ್ನು ‘ಬಹುಶಃ’ ಅಂತಲೇ ಬಿಡಿ.

ಫೋಟೋಗಳ ಜೊತೆ ಒಂದು ಪ್ರತಿಯನ್ನು ವಿಮಾನ ಇಟ್ಟುಕೊಂಡಿರುವ ಸಂಸ್ಥೆಗೆ ಕೊಡಿ. ಬೋರ್ಡು ತಪ್ಪಿದ್ದರೆ ತಪ್ಪು ಅಂತ ಜೋರು ಮಾಡುವ ಬದಲು, ಹೊಸ ಬೋರ್ಡಿಗೆ ಬೇಕಾದ ಎರಡು ಮೂರು ಸಾಲು ನೀವೇ ಬರೆದು ಕೊಡಿ, ಕನ್ನಡದಲ್ಲಿ. ಮುಂದಿನ ಸಲ ಬಣ್ಣ ಬಳಿಯುವ ಮೊದಲು ನಿಮಗೆ ಒಂದು ಫೋನ್ ಮಾಡಲು ಹೇಳಿ ನಂಬರು ಬಿಟ್ಟು ಬನ್ನಿ. ಹಳೆ ಬಣ್ಣ ಕೆರೆಯುವ ಆ ಒಂದೆರಡು ದಿನ, ಕೆಳಗಿನ ಪದರಗಳು ಬೆಳಕಿಗೆ ಬಂದಾಗ, ನೀವು ಕ್ಯಾಮೆರಾ ಹಿಡಿದು ಅಲ್ಲಿರಬೇಕು.